ಯಾರ ಮನೆ ಹುಡುಗ

ಎಷ್ಟು ಚಿಕ್ಕದಾಗಿ ಸುತ್ತಿದರೂ ಜೇಬು ಉಬ್ಬಿಕೊಂಡೇ ಇದೆ, ಹೊರಗಿನವರ ಕಣ್ಣಿಗೆ ಬೀಳುತ್ತಿದೆಯೇನೋ, ಕೈಯಿಟ್ಟು ಮುಚ್ಚಿದರೆ ಇನ್ನಷ್ಟು ಎದ್ದು ಕಾಣುತ್ತದೆ, ತೆಗೆದುಬಿಡೋಣವೆಂದರೆ ಕೈಗೆ ಹೋಗಲು ಬೇರೆ ಜಾಗವಿಲ್ಲ — ಎಗೆಂಬೆರ್ದಿ ಕೈಯನ್ನು ಜೇಬಿನ ಮೇಲೆಯೇ ಇಟ್ಟುಕೊಂಡು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿಯುತ್ತಾನೆ, ಬೆಳಗಿನ ಬಿಸಿಲು ಕಾಲುವೆಯ ನೀರಿಗೆ ಬಿದ್ದು ಕಣ್ಣಿಗೆ ಹೊಡೆಯುತ್ತಿದೆ, ಮುಂದೆ ನಿಂತ ಮೊಯ್ದುನ್ ಮುದುಕನ ಬೆನ್ನಿನಿಂದ ಕುರಿಯ ವಾಸನೆ, ಸೇತುವೆಯ ಗೇಟು ಇನ್ನೂ ತೆರೆದಿಲ್ಲ. ಜೇಬಿನಲ್ಲಿರುವುದು ನಡುಪಟ್ಟಿ, ನೀಲಿ ಬಟ್ಟೆಯದು, ಸತ್ತವರ ರಕ್ತಸಂಬಂಧಿ ಗಂಡಸು ಮೇಲಂಗಿಯ ಹೊರಗೆ ಬಿಗಿದು ಕಟ್ಟಿಕೊಳ್ಳಬೇಕಾದದ್ದು, ಮುಂಜಾನೆ ಹೆಂಡತಿ ಅನಾರ್ಕಾನ್ ಚಾಚಿದಾಗ ಕೈ ತಾನಾಗಿಯೇ ಕಟ್ಟಿಕೊಂಡಿತ್ತು, ಅಪ್ಪ ಸತ್ತಾಗ ಕಟ್ಟಿದ ಕೈ, ಅವ್ವ ಸತ್ತಾಗ ಕಟ್ಟಿದ ಕೈ, ಕೈಗೇನು ಗೊತ್ತು ಗಡಿ ಗಿಡಿ ಎಲ್ಲ, ಗಲ್ಲಿಯ ತಿರುವಿನಲ್ಲಿ ಕಾವಲು ಗೋಪುರದ ತಗಡಿನ ಮಾಡು ಕಂಡದ್ದೇ ತಡ ಅದೇ ಕೈ ಗಡಬಡಿಸಿ ಬಿಚ್ಚಿತು, ಸುತ್ತಿತು, ಕದ್ದ ಮಾಲಿನ ಹಾಗೆ ಜೇಬಿಗೆ ತುರುಕಿತು. ಛೀ ಎನ್ನಿಸಿತ್ತು ಆಗಲೇ. ಈಗಲೂ ಛೀ ಎನ್ನಿಸುತ್ತಿದೆ. ಕಾಲುವೆಯ ಆಚೆ, ಈಗ ಅದು ಬೇರೆ ದೇಶ, ಸೇತುವೆ ಇಳಿದರೆ ಎರಡನೆಯ ಮನೆ, ಅಲ್ಲಿ ಅಕ್ಕ ಬಾತ್ಮಾ ನಿನ್ನೆ ಸಂಜೆ ಸತ್ತು ಮಲಗಿದ್ದಾಳೆ, ತವರಿನವರು ಬಂದು ಎತ್ತಿ ಎನ್ನದೆ ಹೆಣ್ಣಿನ ಹೆಣ ಎತ್ತುವುದಿಲ್ಲ, ಅವಳ ತವರೆಂದರೆ ಇನ್ಯಾರು, ಇವನೊಬ್ಬನೇ, ಇವನು ಇಲ್ಲಿ ಜೇಬು ಮುಚ್ಚಿಕೊಂಡು ನಿಂತಿದ್ದಾನೆ.

ಏನೋ ಎಗೆಂಬೆರ್ದಿ, ನಡುಪಟ್ಟಿ ಮರೆತು ಬಂದ್ಯಾ — ಮೊಯ್ದುನ್ ಮುದುಕ ತಿರುಗಿದ್ದಾನೆ, ಹಲ್ಲಿಲ್ಲದ ಬಾಯಿ, ಊರಿನ ಅರ್ಧ ಜನರನ್ನು ಬೈದೇ ಬೆಳೆಸಿದ ಬಾಯಿ, ಗೇಟಿನ ಸಿಪಾಯಿಗಳಿಗೂ ಕೇಳುವಷ್ಟು ದೊಡ್ಡ ಗಂಟಲು — ಮೆಲ್ಲಗೆ ತಾತಾ, ಮೆಲ್ಲಗೆ — ಮೆಲ್ಲಗೆ ಯಾಕೋ, ಸಾವಿಗೆ ತಾನೆ ಹೋಗ್ತಿರೋದು, ಕಳ್ಳಸಾಗಣೆಗಾ? ಇವನು ನೆಲ ನೋಡುತ್ತಾನೆ. ಮುದುಕ ಇವನ ಜೇಬನ್ನು ನೋಡುತ್ತಾನೆ, ಆಮೇಲೆ ಮುಖವನ್ನು, ಆಮೇಲೆ ಗೋಪುರವನ್ನು, ಮೂರನ್ನೂ ನೋಡಿ ಹಂ ಎಂದು ಮತ್ತೆ ಮುಂದಕ್ಕೆ ತಿರುಗುತ್ತಾನೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುದುಕನಿಗೂ ಬಾತ್ಮಾಳಿಗೂ ಯಾವ ಸಂಬಂಧವೂ ಇಲ್ಲ, ಕುಲ ಬೇರೆ, ಬೀದಿ ಬೇರೆ, ಆದರೂ ಹೊರಟಿದ್ದಾನೆ, ಯಾಕೆಂದರೆ ಅವಳು ಒಂದು ಕಾಲದಲ್ಲಿ ಅವನ ಕುಂಟು ಕತ್ತೆಗೆ ಎರಡು ಹೊತ್ತು ನೀರು ಕುಡಿಸಿದ್ದಳಂತೆ, ಅಷ್ಟಕ್ಕೇ. ಆಗ ಚೋಂಗ್ ಅರಿಕ್ ಎಂದರೆ ಒಂದೇ ಊರು, ನಡುವೆ ಕಾಲುವೆ, ಕಾಲುವೆಗೆ ಮಕ್ಕಳು ಇಳಿಯುತ್ತಿದ್ದರು, ಬಾತುಕೋಳಿಗಳು ಇಳಿಯುತ್ತಿದ್ದವು, ಬಾತ್ಮಾಳನ್ನು ಆಚೆ ದಡದ ಕಾಲ್ಮುರ್ಜಾನಿಗೆ ಕೊಟ್ಟಾಗ ಅವ್ವ ನಕ್ಕಿದ್ದಳು, ತವರು ಇಷ್ಟು ಹತ್ರ ಇದ್ರೆ ಹೆಂಗಮ್ಮ, ಗಂಡನ ಮೇಲೆ ಮುನಿಸ್ಕೊಂಡು ಹೊರಟ್ರೆ ಕೋಪ ಏರೋ ಮೊದ್ಲೇ ಮನೆ ಬಂದ್ಬಿಡುತ್ತೆ. ಅಕ್ಕ ಆ ದಡದಲ್ಲಿ ರೊಟ್ಟಿ ಸುಟ್ಟರೆ ಈ ದಡದಲ್ಲಿ ಹೊಟ್ಟೆ ಹಸಿಯುತ್ತಿತ್ತು. ಅದಕ್ಕೂ ಮೊದಲು, ಮದುವೆಗೂ ಮೊದಲು, ಇವನು ಬೆಟ್ಟದ ಹುಲ್ಲುಗಾವಲಿನಿಂದ ಕುರಿ ಹೊಡೆದುಕೊಂಡು ಇಳಿದು ಬರುವಾಗ ಅವಳು ಮಾಡಿನ ಮೇಲೆ ಜರದಾಳು ಹಣ್ಣು ಒಣಗಿಸುತ್ತ ನಿಂತಿರುತ್ತಿದ್ದಳು, ಹಳದಿ ತಲೆವಸ್ತ್ರ, ಹಣೆಯ ಮೇಲೆ ಅಡ್ಡ ಹಿಡಿದ ಕೈ, ದೂರದಿಂದಲೇ ಕೂಗುತ್ತಿದ್ದಳು, ಯಾರದು, ಯಾರ ಮನೆ ಹುಡುಗ — ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ — ಇವನು ಗಂಟಲು ಹರಿಯುವ ಹಾಗೆ ಕೂಗಬೇಕು, ನಿನ್ನ ತಮ್ಮ, ನಿನ್ನ ತಮ್ಮ ಕಣೇ, ಆಗಲೇ ಕೈ ಕೆಳಗಿಳಿಯುವುದು, ಆಗಲೇ ಏಣಿ ಇಳಿದು ಬಂದು ಬಾಯಿಗೆ ಹಣ್ಣು ತುರುಕುವುದು. ಕೂಗದಿದ್ದರೆ ಹಣ್ಣಿಲ್ಲ.

ನಿನ್ನೆ ಅಲ್ಲ, ನಿನ್ನೆಗೂ ಮೂರು ದಿನ ಮೊದಲೇ ಆಚೆ ದಡದ ಮಾಡಿನ ಮೇಲೆ ಅಕ್ಕ ಕಾಣದಾಗಿದ್ದಳು. ಅನಾರ್ಕಾನ್ ಹಸುವಿನ ಹಾಲು ಹಿಂಡುತ್ತ ಹೇಳಿದ್ದಳು, ಏನ್ರೀ, ನಿಮ್ಮಕ್ಕನ ಹಣ್ಣು ತಿರುವಿ ಹಾಕೋರೇ ಇಲ್ಲ ಅನ್ಸುತ್ತೆ, ಒಂದು ಕಡೆ ಕಪ್ಪಾಗ್ತಿದೆ ನೋಡಿ. ನೋಡಲಿಲ್ಲ ಇವನು. ಎರಡು ವರ್ಷದಿಂದ ಆ ಕಡೆ ನೋಡುವುದನ್ನೇ ಬಿಟ್ಟಿದ್ದ, ತಂತಿಬೇಲಿ ಬಂದಾಗ ಬಿಟ್ಟಿರಲಿಲ್ಲ, ಎರಡೂ ಕಡೆಯ ಪಡೆಗಳು ಗುಂಡು ಹಾರಿಸಿ ಶಾಲೆಯ ಗೋಡೆ ಬಿದ್ದಾಗಲೂ ಬಿಟ್ಟಿರಲಿಲ್ಲ, ಆಗೆಲ್ಲ ಬೇಲಿಯ ಮೇಲಿಂದ ಕೈ ಬೀಸುತ್ತಿದ್ದ, ಮಗ ತಿಲೆಕ್ ಗಡಿ ಪಡೆಗೆ ಸೇರುತ್ತೇನೆಂದ ಮೇಲೆ ಬಿಟ್ಟ. ಆಚೆ ಹತ್ತಿರದ ನೆಂಟರಿದ್ದವರನ್ನು ಗಡಿ ಕಾವಲಿಗೆ ತೆಗೆದುಕೊಳ್ಳುವುದಿಲ್ಲವಂತೆ, ಗುಂಡು ಹಾರಿದ ಮೇಲೆ ಬಂದ ನಿಯಮ, ನಂಬಿಕೆಯ ಪ್ರಶ್ನೆಯಂತೆ, ತಿಲೆಕ್‌ಗೆ ಇನ್ನೇನು ಬರುತ್ತದೆ, ಜರದಾಳು ತೋಟವೆಂದರೆ ನೀರಿಲ್ಲ, ರಷ್ಯಾಕ್ಕೆ ಹೋಗಿ ಇಟ್ಟಿಗೆ ಹೊತ್ತು ಬೆನ್ನು ಬಾಗಿಸಿಕೊಂಡು ಬಂದವನು, ಅಪ್ಪಾ ಒಂದೇ ಒಂದು ಸಲ ನಂಗೋಸ್ಕರ, ಎಂದಿದ್ದ, ಅತ್ತೆ ಇಲ್ಲ ಅಂತ ಅನ್ನು, ಅತ್ತೆಗೂ ಬೇಜಾರಾಗಲ್ಲ. ಅತ್ತೆಗೆ ಯಾರು ಹೇಳಿದರು, ಯಾರು ಕೇಳಿದರು? ಇವನು ಅಂದಿನಿಂದ ತನ್ನ ಅಂಗಳದಲ್ಲೇ ಬೆನ್ನು ಮಾಡಿಕೊಂಡು ಓಡಾಡತೊಡಗಿದ, ಸೌದೆ ಒಡೆಯುವಾಗ ಬೆನ್ನು, ಕುದುರೆಗೆ ನೀರಿಡುವಾಗ ಬೆನ್ನು, ಗೋಪುರದವರು ನೋಡುತ್ತಾರೆ, ಅಕ್ಕ ಮಾಡಿನ ಮೇಲೆ ನಿಂತು ಹಣೆಗೆ ಕೈ ಅಡ್ಡ ಹಿಡಿದು ಈ ಬೆನ್ನನ್ನು ನೋಡುತ್ತಾಳೆ, ಅದು ಬೆನ್ನಿಗೇ ಗೊತ್ತಾಗುತ್ತಿತ್ತು, ಭುಜಗಳ ನಡುವೆ ಬಿಸಿ. ನಿನ್ನೆ ಸಂಜೆ ಆಚೆಯ ಅಂಗಳದಲ್ಲಿ ಬೂದು ಉಣ್ಣೆಯ ಗುಡಾರ ಏಳುತ್ತಿರುವುದು ಕಣ್ಣಂಚಿಗೆ ಕಂಡಿತು, ಮನೆಯಿದ್ದೂ ಅಂಗಳದಲ್ಲಿ ಗುಡಾರ ಎದ್ದರೆ ಅದರ ಅರ್ಥ ಒಂದೇ, ಆಮೇಲೆ ಫೋನು, ಭಾವ ಕಾಲ್ಮುರ್ಜಾ, ಒಣಗಿದ ದನಿ, ಬಾತ್ಮಾ ಹೋದ್ಲು, ನೀನು ಬಾ, ನೀನು ಬರೋತನಕ ಎತ್ತಲ್ಲ. ರಾತ್ರಿ ತಿಲೆಕ್ ಬ್ಯಾರಕ್ಕಿನಿಂದ ಫೋನು ಮಾಡಿದ, ಹೋಗ್ತೀಯಾ ಅಪ್ಪಾ, ಹೋಗ್ತೀನಿ, ನೋಡ್ಕೊಂಡು ಹೋಗು, ಎಂದ. ಬರುವ ವಾರ ಅವನು ಪ್ರಮಾಣವಚನ ಸ್ವೀಕರಿಸುತ್ತಾನೆ.

ಗೇಟು ಕಿರುಗುಟ್ಟುತ್ತದೆ, ಕ್ಯಾಪ್ಟನ್ ಉಲಾನ್ ತಾನೇ ಬಂದಿದ್ದಾನೆ, ನರೀನ್ ಕಡೆಯವನು, ಚಳಿಯ ನಾಡಿನ ಕೆಂಪು ಕೆನ್ನೆ, ಒಳ್ಳೆಯ ಹುಡುಗ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಸುಳ್ಳು ಹೇಳುವುದಕ್ಕೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಹಣ್ಣಿನ ಕಾಲದ ಶುರುವಿನಲ್ಲಿ ತಿಲೆಕ್‌ನ ವಿಷಯ ವಿಚಾರಿಸಲು ಮನೆಗೇ ಬಂದಿದ್ದ, ಬೂಟು ಬಿಚ್ಚಿ ಒಳಗೆ ಬಂದು ಅನಾರ್ಕಾನ್ ಹಾಸಿದ ಕಂಬಳಿಯ ಮೇಲೆ ಚಕ್ಕಳಮಕ್ಕಳ ಕೂತು ರೊಟ್ಟಿ ಮುರಿದು ತಿಂದ, ಚಹಾ ಬಟ್ಟಲು ಎರಡೂ ಕೈಯಲ್ಲಿ ಹಿಡಿದು ಕುಡಿದ, ಅಣ್ಣಾ, ಕೇಳ್ಬೇಕಾದ್ದು ಕೇಳ್ಬೇಕು, ತಪ್ಪು ತಿಳೀಬೇಡಿ, ಆಚೆ ಕಡೆ ನಿಮ್ಮೋರು ಯಾರಾದ್ರೂ? ಯಾರೂ ಇಲ್ಲ, ಎಂದ ಇವನು, ಎಷ್ಟು ಬೇಗ ಎಂದನೆಂದರೆ ಅನಾರ್ಕಾನ್ ಸುರಿಯುತ್ತಿದ್ದ ಚಹಾ ಬಟ್ಟಲಿನಿಂದ ಆಚೆ ಹರಿಯಿತು. ಕಿಟಕಿ ತೆರೆದಿತ್ತು. ಕಿಟಕಿಯಲ್ಲಿ ಬೇಲಿ, ಬೇಲಿಯಾಚೆ ಮಾಡು, ಮಾಡಿನ ಮೇಲೆ ಅವಳು, ಹಳದಿ ತಲೆವಸ್ತ್ರ, ಹಣೆಗೆ ಅಡ್ಡ ಕೈ, ನೇರ ಈ ಕಿಟಕಿಯೊಳಕ್ಕೇ ನೋಡುತ್ತ. ಕ್ಯಾಪ್ಟನ್ ಕೂಡ ನೋಡಿದ, ಅದ್ಯಾರಣ್ಣಾ, ಈ ಕಡೇನೇ ನೋಡ್ತಾ ನಿಂತಿದಾರಲ್ಲ? ಯಾರೋ ಮುದುಕಿ, ಹಣ್ಣು ಒಣಗಿಸ್ತಾಳೆ, ದಿನಾ ಅದೇ ಕೆಲಸ ಅವಳಿಗೆ. ಯಾರೋ ಮುದುಕಿ! ಇವನನ್ನು ಬೆನ್ನಿಗೆ ಕಟ್ಟಿಕೊಂಡು ಕಾಲುವೆ ದಾಟಿದವಳು, ಇವನಿಗೆ ಜ್ವರ ಬಂದಾಗ ಕುರಿಯ ಬಾಲದ ಕೊಬ್ಬು ಎದೆಗೆ ತಿಕ್ಕಿದವಳು, ಯಾರೋ ಮುದುಕಿ, ಅನಾರ್ಕಾನ್ ಎದ್ದು ಹೋಗಿ ಕಿಟಕಿ ಹಾಕಿದಳು, ಧೂಳು ಬರುತ್ತೆ, ಎಂದಳು, ಆ ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿದಳು. ಊರಿಗೆ ಊರೇ ಬಲ್ಲದ್ದನ್ನು ಊರು ಬಾಯಿಬಿಡಲಿಲ್ಲ, ಊರಿನ ಮರ್ಯಾದೆ ಅದು, ಆ ಮರ್ಯಾದೆಯ ಅಡಿಯಲ್ಲಿ ಇವನು ಹುಳುವಿನ ಹಾಗೆ ಬದುಕಿಕೊಂಡ.

ಸಾವಿಗಾ ತಾತಾ — ಕ್ಯಾಪ್ಟನ್ ಮೊಯ್ದುನ್ ಮುದುಕನ ಪಾಸ್‌ಪೋರ್ಟು ತಿರುವುತ್ತಿದ್ದಾನೆ — ಮತ್ತೆ ಮದುವೆಗೆ ಬಾ ಅಂತ ನಂಗ್ಯಾರು ಕರೀತಾರಪ್ಪ — ಮಧ್ಯಾಹ್ನದ ನಮಾಜು ಮುಗಿಯೋ ಹೊತ್ತಿಗೆ ವಾಪಸ್ ಬರ್ಬೇಕು, ಸತ್ತವರು ಏನಾಗ್ಬೇಕು ನಿಮ್ಗೆ — ಕತ್ತೆ ಸಂಬಂಧ, ಎಂದ ಮುದುಕ, ಸಿಪಾಯಿಗಳು ಕಿಸಕ್ಕನೆ ನಕ್ಕರು, ಕ್ಯಾಪ್ಟನ್ ಕೂಡ ನಗು ತಡೆದುಕೊಂಡು ದಾರಿ ಬಿಟ್ಟ. ಈಗ ಇವನು. ಕ್ಯಾಪ್ಟನ್‌ನ ಮುಖದಲ್ಲಿದ್ದ ನಗು ಹೋಗಿದೆ, ಇವನನ್ನೇ ನೋಡುತ್ತಿದ್ದಾನೆ, ಜೇಬನ್ನು ನೋಡುತ್ತಿದ್ದಾನೆಯೇ, ಇಲ್ಲ, ಮುಖವನ್ನು, ಕಣ್ಣು ಊದಿಕೊಂಡಿದೆಯೇ, ಬೆಳಗಿನಿಂದ ಅತ್ತಿಲ್ಲವಲ್ಲ, ಅಳುವುದೆಲ್ಲ ಎದೆಯಲ್ಲಿ ಕಟ್ಟಿಟ್ಟುಕೊಂಡಿದ್ದೇನಲ್ಲ. ಅಣ್ಣಾ, ನೀವೂ ಅದೇ ಮನೆಗಾ? ಹೂಂ. ಏನಾಗ್ಬೇಕು ನಿಮ್ಗೆ? ಕಾಲುವೆಯ ನೀರು ಸದ್ದು ಮಾಡುತ್ತಿದೆ, ಎಷ್ಟು ಸದ್ದು, ಮುದುಕ ಸೇತುವೆಯ ಮೇಲೆ ನಿಂತುಬಿಟ್ಟಿದ್ದಾನೆ, ಬೆನ್ನು ಈ ಕಡೆ, ಕಿವಿ ಕೂಡ ಈ ಕಡೆ, ನನ್ನ ಅಕ್ಕ ಎಂದುಬಿಡಬೇಕು, ಎರಡೇ ಶಬ್ದ, ಎಂದುಬಿಟ್ಟರೆ ಬರುವ ವಾರ ತಿಲೆಕ್ ಚೀಲ ಹೆಗಲಿಗೇರಿಸಿಕೊಂಡು ವಾಪಸು ಬರುತ್ತಾನೆ, ಬಂದು ಏನೂ ಅನ್ನುವುದಿಲ್ಲ, ಮತ್ತೆ ರಷ್ಯಾದ ಬಸ್ಸು ಹತ್ತುತ್ತಾನೆ — ಪರಿಚಯದವರು, ಎಂದಿತು ಬಾಯಿ. ಬರೀ ಪರಿಚಯ, ಎಂದು ಇನ್ನೊಂದು ಸೇರಿಸಿತು, ಯಾರೂ ಕೇಳಿರಲಿಲ್ಲ. ಕ್ಯಾಪ್ಟನ್ ಪಾಸ್‌ಪೋರ್ಟು ವಾಪಸು ಕೊಟ್ಟ, ಹೋಗ್ಬನ್ನಿ ಅಣ್ಣಾ. ಸೇತುವೆಯ ಮೇಲೆ ಮೊಯ್ದುನ್ ಮುದುಕ ಕಾಲುವೆಗೆ ಉಗಿದು ಮುಂದೆ ನಡೆದ.

ಇಲ್ಲಿಂದಲೇ ಶುರುವಾಗಬೇಕು. ಸೇತುವೆ ಇಳಿದದ್ದೇ ಕೋಲೂರಿ, ತಲೆ ಬಗ್ಗಿಸಿ, ಮನೆ ಇನ್ನೂ ದೂರವಿರುವಾಗಲೇ ಗಂಡಸು ಗಟ್ಟಿಯಾಗಿ ಗೋಳಿಡುತ್ತ ಹೋಗಬೇಕು, ಅಯ್ಯೋ ನನ್ನಕ್ಕಾ, ನನ್ನ ಬೆನ್ನಿಗಿದ್ದ ಬೆಟ್ಟವೇ, ಯಾರು ಸತ್ತರು ತನಗೇನಾಗಬೇಕು ಎಲ್ಲ ಆ ಗೋಳಿನಲ್ಲೇ ಇರಬೇಕು, ಅದನ್ನು ಕೇಳಿದ ಮೇಲೆಯೇ ಅಂಗಳದಲ್ಲಿ ಸಾಲಾಗಿ ನಿಂತವರು ತಮ್ಮ ಗೋಳು ಎತ್ತುವುದು, ಅಪ್ಪನಿಗೆ ಹಾಗೆ ಅತ್ತಿದ್ದಾನೆ, ಗೊತ್ತು, ಅಕ್ಕ ಆಮೇಲೆ ಹೇಳಿದ್ದಳು, ನಿನ್ನ ದನಿ ಕೇಳಿ ನಾಯಿಗಳೂ ಸುಮ್ಮನಾದ್ವು ಕಣೋ, ನಾನು ಸತ್ತಾಗ್ಲೂ ಹಂಗೇ ಅಳ್ಬೇಕು, ಇಲ್ಲಾಂದ್ರೆ ಎದ್ದು ಬಂದು ಬಾರಿಸ್ತೀನಿ. ಇವನು ಬಾಯಿ ಮುಚ್ಚಿ ನಡೆಯುತ್ತಿದ್ದಾನೆ. ಬೆನ್ನ ಹಿಂದೆ ಗೋಪುರ, ಒಂದು ಸಲ ತಿರುಗಿ ನೋಡಿದ, ಮೇಲೆ ಏನೋ ಮಿಣಕ್ಕೆಂದಿತು, ದುರ್ಬೀನು, ನೋಡುತ್ತಿದ್ದಾರೆ, ಕೇಳುತ್ತಿದ್ದಾರೆ, ಪರಿಚಯದವನು ಗೋಳಿಡುವುದಿಲ್ಲ, ಗೋಳಿಟ್ಟರೆ ನರೀನಿನ ಹುಡುಗನಿಗೆ ಅಷ್ಟೂ ತಿಳಿಯದೇ, ಅವನೂ ಇದೇ ಜನ ತಾನೆ. ಬೂಟಿನ ಕೆಳಗೆ ಕಲ್ಲು ಕರಕರ ಎನ್ನುತ್ತದೆ. ಅಂಗಳದ ಸಾಲು ಕಾಣಿಸಿತು, ಬಿಳಿ ಕಲ್ಪಾಕ್ ಟೋಪಿಗಳು, ನಡುಪಟ್ಟಿಗಳು, ಕೋಲಿನ ಮೇಲೆ ಬಾಗಿದ ಬೆನ್ನುಗಳು, ಇವನನ್ನು ಕಂಡು ಅವು ಒಟ್ಟಿಗೆ ಉಸಿರು ತುಂಬಿಕೊಂಡವು, ಕಾದವು, ಇವನ ದನಿ ಬರಲಿ ಎಂದು ಕಾದವು, ತುಂಬಿಕೊಂಡ ಉಸಿರನ್ನು ಏನು ಮಾಡಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಯಾಕೋ ಮೂಗನ ಹಾಗೆ ಬರ್ತಿದಾನೆ, ಯಾರೋ ಪಿಸುಗುಟ್ಟಿದ್ದು ಕೇಳಿಸಿತು, ತಮ್ಮ ಅಲ್ವಾ ಅವ್ನು? ಸಾಲಿನ ಮೊದಲಲ್ಲಿ ಭಾವ ಕಾಲ್ಮುರ್ಜಾ, ಒಂದೇ ರಾತ್ರಿಗೆ ಇಳಿದುಹೋದ ಭುಜ, ಇವನ ಖಾಲಿ ಸೊಂಟ ನೋಡಿದ, ಇವನ ಹಿಂದಿನ ಗೋಪುರ ನೋಡಿದ. ಅರ್ಥವಾಗಲು ಎಷ್ಟು ಹೊತ್ತು ಬೇಕು ಗಡಿಯಲ್ಲಿ ಬದುಕಿದವನಿಗೆ. ಬನ್ನಿ ನೆರೆಯವರೇ, ಎಂದ ಭಾವ ದೊಡ್ಡ ದನಿಯಲ್ಲಿ, ಗೋಪುರಕ್ಕೂ ಕೇಳುವ ಹಾಗೆ, ದಾರಿ ಬಿಟ್ರಲ್ಲ, ಸಂತೋಷ, ಈ ಕಡೆ ನಿಂತ್ಕೊಳ್ಳಿ. ಬನ್ನಿ ನೆರೆಯವರೇ! ನೀನು ಎನ್ನುತ್ತಿದ್ದವನು, ಮುಖ ಮೂತಿ ನೋಡದೆ ಬೈಯುತ್ತಿದ್ದವನು, ಹೆಂಡತಿಯ ಹೆಣ ಒಳಗಿಟ್ಟುಕೊಂಡು ಇವನ ಸುಳ್ಳಿಗೆ ಹೊದಿಕೆ ಹೊದಿಸುತ್ತಿದ್ದಾನೆ. ನೆಲ ಬಾಯಿಬಿಡಬಾರದೇ ಎನ್ನಿಸಿತು. ಸಾಲಿನ ಕೊನೆಯಲ್ಲಿ, ಪರಿಚಯದವರು ನಿಲ್ಲುವ ಜಾಗದಲ್ಲಿ, ಮೊಯ್ದುನ್ ಮುದುಕನ ಪಕ್ಕ ಹೋಗಿ ನಿಂತ.

ಗುಡಾರದ ಒಳಗಿಂದ ಹೆಂಗಸರ ಹಾಡುಗೋಳು, ಗೋಡೆಯ ಕಡೆ ಮುಖ ಮಾಡಿ ಕೂತು ಹಾಡುತ್ತಾರೆ, ನಡುವೆ ಸಾಲ್ಕಿನ್‌ಳ ದನಿ, ಅಕ್ಕನ ಒಬ್ಬಳೇ ಮಗಳು, ಇವನು ಸೋದರಮಾವ, ಅವಳಿಗೆ ಮೊದಲ ಕುದುರೆಮರಿ ಕೊಟ್ಟವನು, ಮಾವಾ ನಿನ್ನ ಟೋಪಿ ಕೊಡು ಎಂದರೆ ಟೋಪಿ ಕೊಟ್ಟವನು, ಕೇಳಿದ್ದನ್ನು ಇಲ್ಲವೆನ್ನಬಾರದ ಸಂಬಂಧ ಅದು. ಅವ್ವಾ, ಬಾಗಿಲು ನೋಡ್ತಾ ನೋಡ್ತಾ ಹೋದ್ಯಲ್ಲ, ಬೆಟ್ಟದ ಕಡೆಯ ಮೋಡ ಬಂತು ಮಳೆ ಬರಲಿಲ್ಲ, ನಿನ್ನ ತವರ ದಾರೀಲಿ ಹೆಜ್ಜೆ ಸದ್ದಾಯ್ತು — ಉಣ್ಣೆಯ ಸೀಳಿನಲ್ಲಿ ಒಂದು ಕಣ್ಣು, ಅವಳು ನೋಡಿದಳು, ಇವನನ್ನು ನೋಡಿದಳು, ಸಾಲಿನ ಕೊನೆಯಲ್ಲಿ, ಬರಿ ಸೊಂಟದಲ್ಲಿ — ದನಿ ಅರ್ಧದಲ್ಲಿ ನಿಂತಿತು, ಮೂಗೇರಿಸಿಕೊಂಡ ಸದ್ದು, ಆಮೇಲೆ ಮತ್ತೆ ಎದ್ದಿತು, ಬೇರೆಯಾಗಿ, ಹೆಜ್ಜೆ ಸದ್ದಲ್ಲವ್ವಾ ಅದು ಗಾಳಿ ಸದ್ದು, ಮುಳ್ಳು ಬೇಲಿ ಮುಚ್ಚಿದೆ ದಾರಿ, ನಿನ್ನ ತವರಿಂದ ಯಾರೂ ಬರಲಿಲ್ಲ. ಬಾಯಿಗೆ ಬಂದ ಪದ ಬದಲಿಸಿಕೊಂಡಳು ಹುಡುಗಿ, ಹೆತ್ತವ್ವನಿಗೆ ಹಾಡುವಾಗ, ಇವನಿಗಾಗಿ. ಭಾವ ಸಾಲು ಬಿಟ್ಟು ಪಕ್ಕಕ್ಕೆ ಬಂದ, ನೀರು ಕೊಡುವವನ ಹಾಗೆ ಬಟ್ಟಲು ಚಾಚಿ ತುಟಿ ಅಲ್ಲಾಡಿಸದೆ, ಮುಖದ ಬಟ್ಟೆ ಇನ್ನೂ ಕಟ್ಟಿಲ್ಲ, ಹಿಂದಿನ ಮಗ್ಗುಲಿಂದ ಒಳಗೆ ಬಾ, ಮುಖ ನೋಡ್ಬಿಡು, ಕೊನೇ ಎರಡು ದಿನ ನಿನ್ನೇ ಕೇಳ್ತಿದ್ಲು. ಹೆಂಗಸಿನ ಹೆಣದ ಮುಖ ನೋಡಬಹುದಾದ ಗಂಡಸರು ಯಾರೆಂದು ಎಲ್ಲರಿಗೂ ಗೊತ್ತು, ಒಳಗೆ ಕಾಲಿಟ್ಟರೆ ಅದೇ ಸಾಕ್ಷಿ, ಗೋಪುರದ ಮೇಲೆ ಮತ್ತೆ ಮಿಣಕ್ಕೆಂದಿತು. ಬೇಡ ಭಾವ, ಎಂದ. ಬೇಡವಾ? ಬೇಡ. ನೀರಿನ ಬಟ್ಟಲು ಇವನ ಕೈಯಲ್ಲೇ ಉಳಿಯಿತು, ಭಾವ ಹೋಗಿ ತನ್ನ ಜಾಗದಲ್ಲಿ ನಿಂತ, ಕುಡಿಯಲಾಗಲಿಲ್ಲ, ಚೆಲ್ಲಲೂ ಆಗಲಿಲ್ಲ.

ಹೆಣ ಹೊರಗೆ ತಂದರು, ಕಂಬಳಿ ಹೊದಿಸಿದ್ದಾರೆ, ಇಷ್ಟು ಚಿಕ್ಕದಾಗಿದ್ದಳೇ ಅಕ್ಕ, ಮಾಡಿನ ಮೇಲೆ ನಿಂತಾಗ ಎಷ್ಟು ಎತ್ತರ ಕಾಣುತ್ತಿದ್ದಳು, ಮೇಲೆ ನೋಡಿದರೆ ಮಾಡಿನ ಅಂಚಿನಲ್ಲಿ ಹಣ್ಣುಗಳು, ತಿರುವಿ ಹಾಕದ ಹಣ್ಣುಗಳು, ಅಡಿಯಲ್ಲಿ ಕೊಳೆತ ಸಿಹಿ ವಾಸನೆ, ಕಣಜಗಳು. ಮುಲ್ಲಾ ಮುಂದೆ ನಿಂತ, ಯಾರ ಸಾಲ ಇದ್ದರೂ ಹೇಳಿ ಎಂದ, ಒಳ್ಳೆಯವಳಾಗಿದ್ದಳೇ ಎಂದ, ಒಳ್ಳೆಯವಳು ಒಳ್ಳೆಯವಳು ಎಂದಿತು ಜನ, ಇವನ ತುಟಿಯೂ ಎಂದಿತು, ಆಮೇಲೆ ಕೇಳಬೇಕಾದದ್ದು ಕೇಳಿದ, ಈಕೆಯ ತವರಿನವರು ಬಂದಿದಾರಾ, ಎತ್ತಬಹುದಾ? ಯಾರೂ ಇವನ ಕಡೆ ನೋಡಲಿಲ್ಲ. ಇಡೀ ಅಂಗಳ ಇವನನ್ನು ನೋಡದೆ ನಿಂತಿತು, ಎಲ್ಲರೂ ನೋಡಿದ್ದರೂ ಇಷ್ಟು ಸುಡುತ್ತಿರಲಿಲ್ಲ. ಕೈ ಜೇಬಿನೊಳಗೆ ಹೋಯಿತು, ಪಟ್ಟಿಯ ತುದಿ ಸಿಕ್ಕಿತು, ಬೆವರಿಗೆ ಒದ್ದೆಯಾಗಿದೆ, ಎಳೆ, ಎಳೆದುಬಿಡು, ಬಂದಿದ್ದೀನಿ ಎನ್ನು, ಬಾಯಿ ತೆರೆದ, ತೆರೆದದ್ದು ನಿಜ, ಆಣೆ ಮಾಡಿ ಹೇಳಬಲ್ಲ, ಗಂಟಲಿನಲ್ಲಿ ಏನೂ ಇರಲಿಲ್ಲ, ಬೆಳಗಿನಿಂದ ಒತ್ತಿಟ್ಟ ಅಳು ಅಲ್ಲಿ ಇರಬೇಕಿತ್ತು, ಇರಲಿಲ್ಲ. ಭಾವ ಕೆಮ್ಮಿದ, ದಾರಿ ಮುಚ್ಚಿದೆ ಮುಲ್ಲಾ, ಅವರು ಬರೋಕಾಗ್ಲಿಲ್ಲ, ನೀವು — ಯಾವೋನ್ ಹೇಳಿದ್ದು ಬರೋಕಾಗ್ಲಿಲ್ಲ ಅಂತ! ಪಕ್ಕದಿಂದ ಗಂಟಲು, ಮೊಯ್ದುನ್ ಮುದುಕ, ಕುರಿಯ ವಾಸನೆಯ ಅಂಗಿಯ ಮೇಲೆ ಏನನ್ನೋ ಬಿಗಿಯುತ್ತಿದ್ದಾನೆ, ಕತ್ತೆಯ ಹಗ್ಗ, ದಾರಿಯುದ್ದಕ್ಕೂ ಕೋಲಿಗೆ ಸುತ್ತಿಕೊಂಡು ಬಂದಿದ್ದ ಹಳೆಯ ಹಗ್ಗ, ನಾನು ಬಂದಿದೀನಿ, ನಾನೇ ಇವಳ ತವರು, ನನ್ನ ತಂಗಿ ಇವಳು, ಯಾರಿಗಾದ್ರೂ ಅನುಮಾನ ಇದ್ರೆ ಈಗ್ಲೇ ಕೇಳ್ಲಿ — ಯಾರೂ ಕೇಳಲಿಲ್ಲ — ಎತ್ತಿ, ಎಂದ ಮುದುಕ, ಎಂದು ಕೋಲೂರಿ ಬಾಗಿ ಹಲ್ಲಿಲ್ಲದ ಬಾಯಿ ತೆರೆದು ಎತ್ತಿದ ದನಿ, ಅಯ್ಯೋ ನನ್ ತಂಗೀ, ಮನೆ ದೀಪವೇ, ನಿನ್ ತವರು ಹಾಳಾಯ್ತಲ್ಲೇ! ಸಾಲು ಆಗ ಒಡೆಯಿತು, ತಡೆದಿಟ್ಟುಕೊಂಡಿದ್ದ ಉಸಿರೆಲ್ಲ ಒಟ್ಟಿಗೆ ಗೋಳಾಯಿತು, ಗುಡಾರದ ಒಳಗಿನ ಹೆಂಗಸರು ಚೀರಿದರು, ಹೆಣ ಎದ್ದಿತು. ಇವನೊಬ್ಬ ನೀರಿನ ಬಟ್ಟಲು ಹಿಡಿದು ನಿಂತಿದ್ದ.

ಮಣ್ಣು ಹಾಕಿದ್ದು ನೆನಪಿದೆ, ಮೂರು ಹಿಡಿ, ಎಲ್ಲರ ಹಾಗೆ. ವಾಪಸು ಬಂದ ಮೇಲೆ ಮಾಂಸ ಹಂಚಿದರು, ತವರಿನವರಿಗೆ ಸಲ್ಲುವ ತೊಡೆಮೂಳೆ ಮೊಯ್ದುನ್ ಮುದುಕನ ತಟ್ಟೆಗೆ ಬಂತು, ಅಗಿಯಲು ಹಲ್ಲಿಲ್ಲ, ಸುಮ್ಮನೆ ಅದನ್ನು ಹಿಡಿದುಕೊಂಡು ಕೂತ, ಇವನಿಗೆ ಪಕ್ಕೆಯ ಒಂದು ಚೂರು, ತಪ್ಪೇನಿಲ್ಲ, ಪರಿಚಯದವರಿಗೆ ಅಷ್ಟೇ. ಸತ್ತವಳ ಮೇಲಂಗಿ ತವರಿಗೆ, ಸಾಲ್ಕಿನ್ ಮಡಚಿ ತಂದು ಮುದುಕನ ಮಡಿಲಲ್ಲಿಟ್ಟಳು, ಇವನ ಮುಂದೆ ಬಂದು ನಿಂತಾಗ ಕಣ್ಣೆತ್ತಲಿಲ್ಲ, ಬಂದವರಿಗೆಲ್ಲ ಹರಿದು ಕೊಡುವ ಬಟ್ಟೆಯ ಒಂದು ಗೇಣಗಲದ ತುಂಡು, ಹಳದಿ, ಅಕ್ಕ ತಲೆವಸ್ತ್ರಕ್ಕೆಂದು ತೆಗೆದಿಟ್ಟುಕೊಂಡ ಥಾನಿನದೇ ಇರಬೇಕು, ತಗೊಳ್ಳಿ, ಎಂದಳು, ಬಂದಿದ್ದಕ್ಕೆ ಉಪಕಾರ ಆಯ್ತು. ಮಾವಾ ಎನ್ನಲಿಲ್ಲ. ಎನ್ನಬಾರದೆಂದು ಇವನೇ ತಾನೆ ಅವಳ ಬಾಯಿ ಕಟ್ಟಿದ್ದು, ಈಗ ಯಾರನ್ನು ದೂರುವುದು. ಮುದುಕ ಮುಂದೆ ಮುಂದೆ, ಅಕ್ಕನ ಅಂಗಿ ಕಂಕುಳಲ್ಲಿ, ಇವನು ಹಿಂದೆ, ಸೇತುವೆಯ ಹಲಗೆಗಳು ಬಿಸಿಲಿಗೆ ಕಾದಿವೆ.

ಗೇಟಿನಲ್ಲಿ ಕ್ಯಾಪ್ಟನ್ ಒಬ್ಬನೇ. ತಾತನನ್ನು ತಡೆಯದೆ ಬಿಟ್ಟ, ಅಂಗಿ ನೋಡಿದ, ಹಗ್ಗ ನೋಡಿದ, ಟೋಪಿ ತೆಗೆದು ತಲೆ ಬಗ್ಗಿಸಿದ, ಆಮೇಲೆ ಇವನ ಕಡೆ ಬಂದು ದನಿ ತಗ್ಗಿಸಿ, ಅಣ್ಣಾ, ಬೆಳಗ್ಗೆ ನೀವು ಸೇತುವೆ ದಾಟಿದ ಕೂಡ್ಲೇ ನಮ್ಮ ಹುಡುಗ್ರನ್ನ ಗೋಪುರದಿಂದ ಇಳಿಸಿ ಚಹಾಕ್ಕೆ ಕಳಿಸ್ಬಿಟ್ಟೆ, ದುರ್ಬೀನೂ ಡಬ್ಬದಲ್ಲಿಟ್ಟೆ. ಊರಲ್ಲಿ ಇದ್ದೀನಲ್ಲ ಅಣ್ಣಾ, ನಂಗೂ ಕಿವಿ ಇದೆ. ನಂಗೂ ಅಕ್ಕ ಇದಾಳೆ. ನೀವು ಅಳ್ತೀರಿ ಅಂತ ಕಾಯ್ತಾನೇ ಇದ್ದೆ, ತಾತಂದು ಕೇಳಿಸ್ತು, ನಿಮ್ಮದು ಕೇಳಿಸ್ಲೇ ಇಲ್ಲ. ಇವನು ತಲೆಯೆತ್ತಿ ಗೋಪುರ ನೋಡುತ್ತಾನೆ, ಖಾಲಿ, ತಗಡಿನ ಮಾಡಿನ ಒಂದು ಅಂಚು ಸಡಿಲವಾಗಿ ಗಾಳಿಗೆ ಏಳುತ್ತದೆ, ಬೀಳುತ್ತದೆ, ಎದ್ದಾಗ ಬಿಸಿಲಿಗೆ ಮಿಣಕ್ಕೆನ್ನುತ್ತದೆ. ಬೆಳಗಿನಿಂದ ಅದೇ. ಬರೀ ತಗಡು. ಅವ್ರು ನಿಮ್ಮ ಸ್ವಂತ ಅಕ್ಕ ತಾನೆ, ಎಂದು ಕೇಳುತ್ತಿದ್ದಾನೆ ಹುಡುಗ, ಕೆಂಪು ಕೆನ್ನೆ, ಕಣ್ಣಲ್ಲಿ ನೀರಿನಂಥದ್ದೇನೋ, ನಿಜವಾದ ನೀರೇ, ಅಥವಾ ಇದೂ ಬಲೆಯೇ, ಬರುವ ವಾರ ಪ್ರಮಾಣವಚನ, ಈ ಹುಡುಗನ ಹಿಂದೆ ಇನ್ಯಾರಿದ್ದಾರೋ, ನಿಜವೇ ಇರಬೇಕು, ನಿಜ ಎಂದು ಎದೆಗೆ ಗೊತ್ತು, ಹೌದು ಎಂದರೆ ಸಾಕು, ಈಗಲಾದರೂ, ಒಂದೇ ಶಬ್ದ — ಅಲ್ಲ ಸಾಹೇಬ್ರೇ, ಎಂದಿತು ಬಾಯಿ, ಪರಿಚಯದವರು ಅಷ್ಟೇ. ಹುಡುಗ ಗೇಟು ತೆರೆದ. ಗಲ್ಲಿ, ಧೂಳು, ತನ್ನದೇ ಮನೆಯ ಬೇಲಿ, ಬಾಗಿಲಲ್ಲಿ ಅನಾರ್ಕಾನ್ ನಿಂತಿದ್ದಾಳೆ, ಮುಖ ನೋಡಿದ್ರಾ, ಎಂದು ಕೇಳುತ್ತಾಳೆ, ಇವನು ಜೇಬಿಗೆ ಕೈ ಹಾಕುತ್ತಾನೆ, ನೀಲಿ ಪಟ್ಟಿ, ಹಳದಿ ತುಂಡು, ಎರಡೂ ಒಂದಕ್ಕೊಂದು ಸುತ್ತಿಕೊಂಡಿವೆ, ಎರಡು ವರ್ಷದಲ್ಲಿ ಮೊದಲ ಸಲ 'ಆ ಕಡೆ' ತಿರುಗಿ ನಿಲ್ಲುತ್ತಾನೆ, ಬೇಲಿ, ಕಾಲುವೆ, ಮಾಡು, ಯಾರೂ ತಿರುವಿ ಹಾಕದ ಹಣ್ಣು, ಅದರ ನಡುವೆ ಅವಳು, ಹಳದಿ ತಲೆವಸ್ತ್ರ, ಹಣೆಗೆ ಅಡ್ಡ ಹಿಡಿದ ಕೈ, ಕೈ ಇಳಿಯುತ್ತಿಲ್ಲ, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗಲ್ಲ, ಗೊತ್ತಾಗದೇ ಇದ್ದವಳ ಹಾಗೆ, ಯಾರದು, ಯಾರ ಮನೆ ಹುಡುಗ, ಯಾರದು —